ಎರಡು ವಿಮಾನಗಳ ನಡುವೆ

ವಿದೇಶಯಾನವು ಈಗ ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಓದಿಗಾಗಿ, ಉದ್ಯೋಗಕ್ಕಾಗಿ ನಮ್ಮಂಥವರ ಮನೆಗಳಿಂದಲೂ ಜನ ಸಮುದ್ರ ದಾಟುತ್ತಿದ್ದಾರೆ. ಮನೆಯಲ್ಲಿ ಮೊದಲು ಪದವಿ ಕಾಣುವವರೇ ಮೊದಲು ವಿಮಾನ ಹತ್ತುವವರೂ ಆಗುವ ಕಾಲವಿದು. ಅಂಥವರಿಗೆ ದಾರಿ ಹೇಳಲು ಮನೆಯಲ್ಲಿ ಬಲ್ಲವರಿಲ್ಲ, ಪಠ್ಯದಲ್ಲಿ ಪಾಠವಿಲ್ಲ. ಹಾರಾಟಕ್ಕಿಂತ ಹೆಚ್ಚಾಗಿ ಅವರನ್ನು ಕಂಗೆಡಿಸುವುದು ನಡುದಾರಿಯಲ್ಲಿ ವಿಮಾನ ಬದಲಿಸುವ ಕೆಲಸ. ಈ ಕಷ್ಟದ ಬಹುಪಾಲು ನಿಲ್ದಾಣದಲ್ಲಲ್ಲ, ಟಿಕೆಟ್ಟು ಕೊಳ್ಳುವ ಗಳಿಗೆಯಲ್ಲೇ ಹುಟ್ಟುತ್ತದೆಂಬುದು ನನ್ನ ಅಭಿಪ್ರಾಯ.

ದೂರದೇಶಗಳ ವಿಮಾನಮಾರ್ಗಗಳು ಗಾಡಿಯ ಚಕ್ರದ ಅರೆಗಳಂತೆ ನಡುವಣ ಒಂದು ನಿಲ್ದಾಣದಲ್ಲಿ ಬಂದು ಕೂಡುತ್ತವೆ. ದುಬೈ ಅಂಥದೊಂದು ನಿಲ್ದಾಣ. 2024ರಲ್ಲಿ ಅದನ್ನು ಬಳಸಿದ ಪ್ರಯಾಣಿಕರ ಸಂಖ್ಯೆ 9 ಕೋಟಿ 23 ಲಕ್ಷ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 4 ಗಂಟೆಯ ಹಾದಿ. ಅಲ್ಲಿಂದ ನ್ಯೂಯಾರ್ಕಿಗೆ ಸುಮಾರು 14 ಗಂಟೆ. ಅರಸೀಕೆರೆಯಲ್ಲೋ ಗುಂತಕಲ್ಲಿನಲ್ಲೋ ರೈಲು ಬದಲಿಸಿದ ಅನುಭವ ನಮಗುಂಟು. ಆದರೆ ರೈಲಿನಲ್ಲಿ ಗಂಟುಮೂಟೆ ನಮ್ಮ ಕೈಯಲ್ಲೇ ಇರುತ್ತದೆ, ಇಲ್ಲಿ ಹಾಗಲ್ಲ.

ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ಟಿದ್ದರೆ, ಪೆಟ್ಟಿಗೆಯನ್ನು ಸಾಮಾನ್ಯವಾಗಿ ಬೆಂಗಳೂರಿನಲ್ಲೇ ಕೊನೆಯ ಊರಿನವರೆಗೆ ಒಪ್ಪಿಸಿಬಿಡಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಬೇರೊಂದರಲ್ಲಿ ಕಳುಹಿಸುವ ಹೊಣೆ ಕಂಪನಿಯದು. ಬೇರೆಬೇರೆಯಾಗಿ ಎರಡು ಟಿಕೆಟ್ಟು ಕೊಂಡವನ ಪಾಡೇ ಬೇರೆ. ಎರಡನೆಯ ಕಂಪನಿಯ ಲೆಕ್ಕದಲ್ಲಿ ಅವನು ವೇಳೆಗೆ ಬಾರದವನು, ಅಷ್ಟೆ. ಪೆಟ್ಟಿಗೆಯನ್ನು ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾದರೆ ನಡುವಣ ದೇಶದೊಳಕ್ಕೆ ಕಾಲಿಡಬೇಕು. ಅದಕ್ಕೆ ವೀಸಾ ಬೇಕಾಗಬಹುದು. ವೀಸಾ ಇಲ್ಲದಿದ್ದರೆ ಬೆಂಗಳೂರಿನಲ್ಲೇ ತಡೆದಾರು. ಸಾಲದೆಂಬಂತೆ, ದುಬೈಯ 2ನೆಯ ಟರ್ಮಿನಲ್ ಉಳಿದೆರಡರಿಂದ ದೂರವಾಗಿ ಓಡುಹಾದಿಗಳ ಆಚೆ ಬದಿಗಿದೆ.

“ಎರಡು ಟಿಕೆಟ್ಟು ಕೊಂಡರೆ ಕೆಲವು ಸಾವಿರ ಉಳಿಯುವುದಲ್ಲ, ಬಡವನಿಗೆ ಅದು ಸಣ್ಣ ಮೊತ್ತವೇ?” ಎಂದು ಯಾರಾದರೂ ಕೇಳಬಹುದು. ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ವಿಮಾನ ತಪ್ಪಿದಾಗ ಇನ್ನೊಂದು ಟಿಕೆಟ್ಟು ಕೊಳ್ಳುವಷ್ಟು ಹಣವುಳ್ಳವನಿಗೆ ಮಾತ್ರ ಆ ಉಳಿತಾಯ ಉಳಿತಾಯ. ಸಾಲ ತೆಗೆದು ಹೊರಟವನಿಗೆ ಅದು ಜೂಜು. ಅಗ್ಗದ ಈ ದಾರಿ ನಿಜವಾಗಿ ಉಳ್ಳವರ ದಾರಿ.

ಉಳಿದ ಸಂಗತಿಗಳು ಸಣ್ಣವಾದರೂ ಮರೆಯುವಂಥವಲ್ಲ. ಟಿಕೆಟ್ಟಿನಲ್ಲಿ ಅಚ್ಚಾಗಿರುವ ವೇಳೆ ಆಯಾ ಊರಿನದು. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಸಿಂಗಪುರದ್ದು ಎರಡೂವರೆ ಗಂಟೆ ಮುಂದೆ. ಸಿಂಗಪುರದಲ್ಲಿ ನಮ್ಮ ವೇಳೆಯನ್ನೇ ನಂಬಿ ಕುಳಿತವನಿಗೆ ವಿಮಾನ ಸಿಕ್ಕೀತೆ? ರೈಲು ನಿಲ್ದಾಣದಂತೆ ಕೂಗಿ ಕರೆದಾರೆಂದು ದುಬೈಯಲ್ಲಿ ಕಾಯಬಾರದು. ಅಲ್ಲಿ ವಿಮಾನ ಹತ್ತಲು ಧ್ವನಿವರ್ಧಕದ ಕರೆಯಿಲ್ಲ, ಫಲಕವನ್ನು ನೋಡುತ್ತಿರಬೇಕು. ಹೊರಡುವ ವೇಳೆಗೆ ಮುಂಚೆಯೇ ಬಾಗಿಲು ಮುಚ್ಚುತ್ತದೆ. ನಡುವೆ ಮತ್ತೊಮ್ಮೆ ತಪಾಸಣೆಯಿರುವುದರಿಂದ, ಅಲ್ಲಿಗೆ ಸೇರುವಾಗ ನೀರಿನ ಬಾಟಲಿ ಬರಿದಾಗಿರಲಿ. ಪೆಟ್ಟಿಗೆಗೆ ಕಟ್ಟುವ ಚೀಟಿಯಲ್ಲಿ ಕೊನೆಯ ಊರಿನ ಮೂರಕ್ಷರಗಳಿವೆಯೇ ಎಂದು ಬೆಂಗಳೂರಿನಲ್ಲೇ ನೋಡಿಕೊಳ್ಳಬೇಕು. ಅಮೆರಿಕದೊಳಗೆ ಇನ್ನೊಂದು ಊರಿಗೆ ಹೋಗುವವರು, ಒಂದೇ ಟಿಕೆಟ್ಟಿದ್ದರೂ, ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲಿ ಸಾಮಾನ್ಯವಾಗಿ ಪೆಟ್ಟಿಗೆ ಪಡೆದು, ಸುಂಕದ ಕಟ್ಟೆ ದಾಟಿ, ಮತ್ತೆ ಒಪ್ಪಿಸಬೇಕಾಗುತ್ತದೆ.

ಇವೆಲ್ಲ ಗಹನವಾದ ವಿದ್ಯೆಗಳಲ್ಲ. ಆದರೂ ತಿಳಿಯದೆ ನಷ್ಟಪಡುವವರಿದ್ದಾರೆ. ಕಾರಣ, ಟಿಕೆಟ್ಟಿನ ಷರತ್ತುಗಳು ಇಂಗ್ಲಿಷಿನಲ್ಲಿ ಅಡಗಿರುತ್ತವೆ, ಕೇಳಲು ನಮಗೆ ಸಂಕೋಚ. ಬಾಯಿದ್ದವನು ಬರಗಾಲದಲ್ಲೂ ಬದುಕಿದನೆಂದು ನಮ್ಮ ಹಿರಿಯರು ಹೇಳಿದ್ದಾರೆ. “ಇದು ಒಂದೇ ಟಿಕೆಟ್ಟೋ, ಎರಡೋ?” ಎಂದು ಮಾರುವವನನ್ನು ಕೇಳುವುದರಲ್ಲಿ ನಾಚಿಕೆಯೇಕೆ? ಮಾರುವವನೂ ಅದನ್ನು ಕನ್ನಡದಲ್ಲಿ ತಿಳಿಸಿ ಹೇಳಬೇಕಾದದ್ದು ನ್ಯಾಯ.

ಪದವಿ ಪಡೆದು ಹೊರಡುವ ನಮ್ಮ ಮೇಲೂ ಒಂದು ಋಣವಿದೆ. ಊರಿನಿಂದ ಯಾರಾದರೂ ದೂರದೇಶಕ್ಕೆ ಹೊರಟಾಗ, ಅವರು ಹಣ ಕಟ್ಟುವ ಮೊದಲೇ ಆ ಷರತ್ತುಗಳನ್ನು ಓದಿ ಹೇಳುವಷ್ಟು ಇಂಗ್ಲಿಷನ್ನಂತೂ ಈ ಕಾಲೇಜು ನಮಗೆ ಕಲಿಸಿದೆ. ಅಷ್ಟು ಮಾಡಿದರೆ ನಮ್ಮ ವಿದ್ಯೆ ಊರಿಗೆ ಒದಗಿದಂತಾಗುತ್ತದೆ.