ನಮ್ಮೂರಿಗೆ ಯಾರು ಬರ್ತಾರೆ ಮಾರಾಯ್ರೆ?

ಟೆಲ್ನೆಟ್ ಬಂದ್ ಮಾಡಿ, ಎಸ್‌ಎಸ್‌ಎಚ್ ಹಾಕಿ ಅಂದಾಗಲೆಲ್ಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನೆಟ್‌ವರ್ಕ್ ಹುಡುಗರಿಂದ ನನಗೆ ಸಿಗುವ ಉತ್ತರ ಒಂದೇ: "ನಮ್ಮೂರಿಗೆ ಯಾರು ಬರ್ತಾರೆ ಮಾರಾಯ್ರೆ, ಹ್ಯಾಕ್ ಮಾಡ್ಲಿಕ್ಕೆ?" ಬೆಂಗಳೂರಿನ ಕಂಪನಿಯಲ್ಲಿ ಹೀಗಂದರೆ ಆಡಿಟ್‌ನವರು ಬಿಡುತ್ತಾರಾ? ಊರಿನ ಸೊಸೈಟಿ, ಕ್ಲಿನಿಕ್ಕು ಅಂದ ಕೂಡಲೇ ಮಾತ್ರ "ಇಷ್ಟು ಸಾಕು". ಯಾಕೆ ಸಾಕು? ಸೊಸೈಟಿಯಲ್ಲಿರುವುದು ಅಡಿಕೆ ಮಾರಿದ ದುಡ್ಡು ಸ್ವಾಮಿ, ಕಾಗದದ ಚೂರಲ್ಲ.

ಟೆಲ್ನೆಟ್‌ನಲ್ಲಿ ಲಾಗಿನ್ ಆಗುವುದೆಂದರೆ ತುಂಬಿದ ಬಸ್ಸಿನಲ್ಲಿ ನಿಂತು ಫೋನಿನಲ್ಲಿ ಎಟಿಎಂ ಪಿನ್ ಕೂಗಿ ಹೇಳಿದ ಹಾಗೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡ್ ಹೊಡೆದದ್ದಕ್ಕೇ ತಾತು ಯುಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು. 2016ರಲ್ಲಿ ಮಿರಾಯ್ ಬಂತು. ಟೆಲ್ನೆಟ್ ತೆರೆದಿಟ್ಟ, ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರುಗಳನ್ನು ಲಕ್ಷಗಟ್ಟಲೆ ಹಿಡಿಯಿತು. ಅದು ಯಾರ ಊರನ್ನೂ ಕೇಳಲಿಲ್ಲ. ಸಿಕ್ಕಸಿಕ್ಕ ಐಪಿ ವಿಳಾಸದ ಬಾಗಿಲು ತಟ್ಟಿತು, ಅಷ್ಟೆ.

ಖರ್ಚು ಅಂತೀರಾ? ಪುಟ್ಟಿ ಪುಕ್ಕಟೆ. ವಿಂಡೋಸ್ 10ರಲ್ಲಂತೂ 2018ರಿಂದ ಎಸ್‌ಎಸ್‌ಎಚ್ ಕ್ಲೈಂಟ್ ಒಳಗೇ ಉಂಟು. ಸಿಸ್ಕೊ ಸ್ವಿಚ್ಚಾದರೆ ಅದಕ್ಕೊಂದು ಹೆಸರು, ಡೊಮೈನು, 2048 ಬಿಟ್ಟಿನ ಆರ್‌ಎಸ್‌ಎ ಕೀ, ಒಬ್ಬ ಯೂಸರ್. ಆಮೇಲೆ ವಿಟಿವೈ ಲೈನಿಗೆ ಎಸ್‌ಎಸ್‌ಎಚ್ ಮಾತ್ರ ಸಾಕು ಅಂತ ಒಂದು ಸಾಲು. ಚಾ ಆರುವಷ್ಟರಲ್ಲಿ ಮುಗಿಯುವ ಕೆಲಸ.

ಪುಟ್ಟಿ ಹಾಕಿದವರೂ ಬೀಗಬೇಕಿಲ್ಲ. ಮೊದಲ ಸಲ ಕನೆಕ್ಟ್ ಆಗುವಾಗ ಅದು ಒಂದು ಫಿಂಗರ್‌ಪ್ರಿಂಟ್ ತೋರಿಸಿ, ಇದು ನಿನ್ನದೇ ಡಬ್ಬವಾ ಅಂತ ಕೇಳುತ್ತದೆ. ಓದುವವರು ಯಾರು? ಕನ್ಸೋಲ್ ಕೇಬಲ್ ಚುಚ್ಚಿ ಸೆಟಪ್ ಮಾಡುವಾಗಲೇ ಆ ಫಿಂಗರ್‌ಪ್ರಿಂಟ್ ಬರೆದಿಟ್ಟುಕೊಂಡರೆ ತಾಳೆ ನೋಡಬಹುದು. ನಮ್ಮವರು ಕಣ್ಣುಮುಚ್ಚಿ ಒಪ್ಪಿಗೆ ಒತ್ತುತ್ತಾರೆ. ನಾಳೆ "ಕೀ ಬದಲಾಗಿದೆ, ಹುಷಾರು" ಅಂತ ಬಂದರೂ ಅದೇ ಒತ್ತು. ಮಧ್ಯೆ ಕೂತವನಿಗೆ ಇನ್ನೇನು ಬೇಕು? ಮೇಲಿಂದ, ಹತ್ತು ಗಿರಾಕಿಗಳಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್. ಕೆಲಸ ಬಿಟ್ಟು ದುಬೈ ಸೇರಿದ ಹುಡುಗನಿಗೂ ಅದು ಬಾಯಿಪಾಠ.

ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವವರೇ, ದೀಪಾವಳಿಗೆ ಊರಿಗೆ ಹೋಗ್ತೀರಲ್ಲ. ಅಪ್ಪ ಮೆಂಬರ್ ಆಗಿರುವ ಸೊಸೈಟಿಯಲ್ಲಿ ಒಂದು ಮಾತು ಕೇಳಿ: ನೆಟ್‌ವರ್ಕ್ ಹಾಕಿದವರು ಪೋರ್ಟ್ 23 ಮುಚ್ಚಿದ್ದಾರಾ? "ಅದೆಂತ ಪೋರ್ಟ್?" ಅಂತ ಆ ಹುಡುಗನೇ ತಿರುಗಿ ಕೇಳಿದರೆ, ಬಿಲ್ ಪಾಸ್ ಮಾಡಬೇಡಿ ಅಂತ ಸೆಕ್ರೆಟರಿಯವರಿಗೆ ಹೇಳಿ ಬನ್ನಿ.