ಕಾಯಿ ಅಲ್ಲಾಡಿಸಿ ನೋಡಿ, ಆಮೇಲೆ ರೇಟು ಹೇಳಿ

1/6
ಫೋಟೋದಲ್ಲಿರೋದು ಕಿಬ್ಬನಹಳ್ಳಿಯ ನಮ್ಮನೆ ಅಟ್ಟ. ಕಾಯಿ ಹಾಕಿ ವರ್ಷದ ಹತ್ತತ್ರ ಆಯ್ತು. ಕೊಬ್ಬರಿ ಆಗಿದೆಯಾ ಅಂತ ಅಜ್ಜಿ ಹೆಂಗೆ ನೋಡ್ತಾರೆ? ಕೈಗೆ ತಗೊಂಡು ಅಲ್ಲಾಡಿಸ್ತಾರೆ. ಒಳಗೆ ಗಡಗಡ ಅಂದ್ರೆ ಆಗಿದೆ. ಊರಲ್ಲಿ ಎಷ್ಟು ಜನ ಈ ಕಾಯಿ ಹೆಸರು ಹೇಳಿದ್ರು ಅಂತ ಎಣಿಸಲ್ಲ. ಸಂಶೋಧನೆ ಮಾಡೋರನ್ನ ಮಾತ್ರ ನಾವು ಹಾಗೇ ಎಣಿಸ್ತಾ ಇದೀವಿ. ಸ್ವೈಪ್ ಮಾಡಿ.

2/6
ಒಬ್ಬರ ಪೇಪರನ್ನ ಇನ್ನೊಬ್ಬರು ತಮ್ಮ ಪೇಪರ್‌ನಲ್ಲಿ ಉಲ್ಲೇಖ ಮಾಡಿದ್ರೆ ಅದು ಸೈಟೇಶನ್. ಒಂದು ಜರ್ನಲ್ ಹಿಂದಿನ ಎರಡು ವರ್ಷದಲ್ಲಿ ಹಾಕಿದ ಲೇಖನಗಳಿಗೆ ಈ ವರ್ಷ ಬಂದ ಸೈಟೇಶನ್ನನ್ನ, ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ರೆ ಇಂಪ್ಯಾಕ್ಟ್ ಫ್ಯಾಕ್ಟರ್. 1960ರ ದಶಕದಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಇದನ್ನ ತಂದಿದ್ದು ತಮ್ಮ ಸೈಟೇಶನ್ ಸೂಚಿಗೆ ಜರ್ನಲ್ ಆರಿಸೋಕೆ. ಮೇಷ್ಟ್ರನ್ನ ಅಳೆಯೋಕಲ್ಲ.

ಆದ್ರೆ ಯುಜಿಸಿಯ 2018ರ ನಿಯಮ ನೋಡಿ. ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಜರ್ನಲ್‌ನ ಪೇಪರ್‌ಗೆ 5 ಪಾಯಿಂಟ್, 10ಕ್ಕಿಂತ ಮೇಲಿದ್ರೆ 30. ಪೇಪರ್ ಒಳಗೆ ಏನಿದೆ ಅನ್ನೋದಕ್ಕೆ ಆ ಟೇಬಲ್‌ನಲ್ಲಿ ಕಾಲಂ ಇಲ್ಲ.

3/6
ಬಿಕಾಂನವರೇ, ಸ್ಟಾಟಿಸ್ಟಿಕ್ಸ್ ಕ್ಲಾಸ್ ನೆನಪಿದೆಯಾ? ಒಂದೇ ಒಂದು ದೊಡ್ಡ ಸಂಖ್ಯೆ ಸೇರಿದ್ರೆ ಸರಾಸರಿ ಹಾರಿ ಹೋಗುತ್ತೆ. ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2008ರಲ್ಲಿ ಸುಮಾರು 2. 2009ರಲ್ಲಿ ಸುಮಾರು 50! ಕಾರಣ, ಜಾರ್ಜ್ ಶೆಲ್ಡ್ರಿಕ್ ಬರೆದ ಒಂದೇ ಲೇಖನ. ಅದರ ಪಕ್ಕದಲ್ಲಿದ್ದ ಬೇರೆ ಲೇಖನಗಳೆಲ್ಲ ರಾತ್ರೋರಾತ್ರಿ ಬುದ್ಧಿವಂತ ಆದ್ವಾ?

4/6
ಆ ಎರಡು ವರ್ಷದ ಲೆಕ್ಕ ಇನ್ನೊಂದು ಅನ್ಯಾಯ. ನೆಟ್ಟ ಎರಡನೇ ವರ್ಷಕ್ಕೆ ನಮ್ಮ ತೆಂಗಿನ ಫಲ ಎಣಿಸಿದ್ರೆ ಸಿಗೋದು ಸೊನ್ನೆ. ಅದಕ್ಕೆ ಮರ ಕಡೀತೀವಾ? ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ತುಮಕೂರು ಸಂಪುಟ ಬಂದಿದ್ದು 1904ರಲ್ಲಿ. ತಿಪಟೂರು, ಚಿಕ್ಕನಾಯಕನಹಳ್ಳಿ ಶಾಸನಗಳ ಬಗ್ಗೆ ಬರೆಯೋರು ಇವತ್ತಿಗೂ ಅದನ್ನ ತೆಗೀಬೇಕು. ಇನ್ನು ಕನ್ನಡದಲ್ಲೇ ಬರೆದ ಸಂಶೋಧನೆ? ಲೆಕ್ಕ ಇಡೋ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಲ್ಲಿ ಬಹುಪಾಲು ಇಂಗ್ಲಿಷೇ. ಲೆಕ್ಕಕ್ಕೇ ಬರದವರಿಗೆ ರ‍್ಯಾಂಕ್ ಎಲ್ಲಿಂದ?

5/6
ಹೋದ ತಿಂಗಳು ಒಂದು ಗ್ರೂಪಿಗೆ ಮೆಸೇಜ್ ಬಂತು: ಇಂಪ್ಯಾಕ್ಟ್ ಫ್ಯಾಕ್ಟರ್ 7ರ ಮೇಲೆ, ದುಡ್ಡು ಕಟ್ಟಿದ್ರೆ ಮೂರೇ ದಿನದಲ್ಲಿ ಪೇಪರ್ ಪ್ರಕಟ, ಸರ್ಟಿಫಿಕೇಟ್ ಫ್ರೀ. ನಿಜ ಹೇಳ್ತೀನಿ, ನನಗೂ ಆಸೆ ಆಯ್ತು. ಅಪ್ಪನ ಹತ್ರ ದುಡ್ಡು ಕೇಳಿದೆ. ಅಪ್ಪ ಒಂದೇ ಮಾತು ಕೇಳಿದ್ರು: “ಅವರು ಅದನ್ನ ಓದ್ತಾರೇನಪ್ಪಾ?” ನನ್ನ ಹತ್ರ ಉತ್ತರ ಇರಲಿಲ್ಲ.

ತೂಕಕ್ಕೆ ಮಾತ್ರ ಕಾಸು ಅಂದ್ರೆ ಒದ್ದೆ ಕೊಬ್ಬರಿನೇ ಚೀಲಕ್ಕೆ ಬರೋದು. ನಂಬರ್‌ಗೆ ಕೆಲಸ, ಬಡ್ತಿ ಅಂದ್ರೆ ನಂಬರ್ ಮಾರೋ ಅಂಗಡಿನೂ ತೆರೆಯುತ್ತೆ. 2018ರ ಮೇನಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ಜರ್ನಲ್ ತೆಗೆದುಹಾಕಿತು. ಅಲ್ಲೀವರೆಗೂ ಅವು ‘ಮಾನ್ಯ’ ಆಗಿದ್ವು ಕಣ್ರೋ!

6/6
“ನಂಬರ್ ಬೇಡ ಅಂದ್ರೆ ಜಾತಿ, ಶಿಫಾರಸು ನಡೆಯುತ್ತೆ” ಅಂತೀರಾ? ಆ ಭಯ ಸುಳ್ಳಲ್ಲ. ನಂಬರ್ ಎಸೀರಿ ಅಂತ ನಾನೂ ಹೇಳ್ತಿಲ್ಲ. ಅದು ಒಂದು ಸುಳಿವು ಅಷ್ಟೇ, ತೀರ್ಪಲ್ಲ. 2012ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳೋದೂ ಇದನ್ನೇ: ಜರ್ನಲ್‌ನ ನಂಬರ್ ಹಿಡಿದು ಮನುಷ್ಯರನ್ನ ಅಳೀಬೇಡಿ.

ಅಭ್ಯರ್ಥಿ ತನ್ನ ಮೂರು ಒಳ್ಳೆ ಪೇಪರ್ ಕೊಡಲಿ. ಕಮಿಟಿಯವರು ಓದಲಿ. ಓದಿ ಏನನ್ನಿಸ್ತು ಅಂತ ಬರೆದು, ಕೆಳಗೆ ಸಹಿ ಹಾಕಿ, ಎಲ್ಲರಿಗೂ ಕಾಣೋ ಹಾಗೆ ಇಡಲಿ. ಶಿಫಾರಸು ಬಯಲಾಗೋದು ಅಲ್ಲೇ. ನಂಬರ್ ಹಿಂದೆ ಅಡಗಿ ಕೂತ್ರೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ನಾಳೆ ನಮಗೆ ಪಾಠ ಮಾಡೋರನ್ನ ಆರಿಸೋದು ಈ ಲೆಕ್ಕವೇ. ಒಪ್ಪದವರು ಕಾಮೆಂಟ್‌ಗೆ ಬನ್ನಿ, ಜಗಳ ಆಡೋಣ. ಆದ್ರೆ ಆರೂ ಸ್ಲೈಡ್ ಓದಿ ಬನ್ನಿ. ಲೈಕ್ ಎಣಿಸಿ ಬರಬೇಡಿ 🥥

#ಕಿಬ್ಬನಹಳ್ಳಿ #ತಿಪಟೂರು #ಬಿಕಾಂ #ಓದಿ_ಆಮೇಲೆ_ಅಳೀರಿ