ಹುದುಗಿಸಿದ ಪ್ರೋಟೀನ್ ಅಕ್ವೇರಿಯಂ ಮೀನಿಗೆ ಒಳ್ಳೆಯದೇ?

ಅಕ್ವೇರಿಯಂ ಮೀನಿನ ಆಹಾರದ ಕೆಲವು ಡಬ್ಬಿಗಳ ಮೇಲೆ ‘ಹುದುಗಿಸಿದ ಸೋಯಾ’, ‘ಯೀಸ್ಟ್ ಪ್ರೋಟೀನ್’ ಎಂದು ಬರೆದಿರುತ್ತದೆ. ಹುಳಿ ಬಂದದ್ದನ್ನು ಹಾಕಿದರೆ ನೀರು ಕೆಡುವುದಿಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ಇನ್ನು ಕೆಲವರು ಇದನ್ನೇ ಪ್ರೋಬಯಾಟಿಕ್ ಎಂದು ನಂಬಿ ಹೆಚ್ಚು ಹಣ ಕೊಡುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಮೀನಿನ ಆಹಾರದ ಮುಖ್ಯ ಪ್ರೋಟೀನ್ ಬಹುಕಾಲದಿಂದ ಫಿಶ್‌ಮೀಲ್. ಅಂದರೆ ಸಣ್ಣ ಮೀನುಗಳನ್ನು ಬೇಯಿಸಿ, ಹಿಂಡಿ, ಒಣಗಿಸಿದ ಪುಡಿ. ಒಂದು ಕೆ.ಜಿ. ಪುಡಿಗೆ 4ರಿಂದ 5 ಕೆ.ಜಿ. ಹಸಿ ಮೀನು ಬೇಕು. ಇದರ ದೊಡ್ಡ ಉತ್ಪಾದಕ ದೇಶವಾದ ಪೆರುವಿನಲ್ಲಿ ಎಲ್ ನಿನೋದಿಂದ ಕಡಲು ಬಿಸಿಯಾದರೆ ಆಂಚೊವಿ ಮೀನುಗಾರಿಕೆ ಕುಸಿಯುತ್ತದೆ. 2023ರಲ್ಲಿ ಅಲ್ಲಿನ ಮುಖ್ಯ ಮೀನುಗಾರಿಕಾ ವಲಯದ ಮೊದಲ ಹಂಗಾಮೇ ರದ್ದಾಯಿತು. ನಮ್ಮ ಕರಾವಳಿಯ ಬೂತಾಯಿ ಕೂಡ ಊಟದ ತಟ್ಟೆಗಷ್ಟೇ ಅಲ್ಲ, ಫಿಶ್‌ಮೀಲ್ ಕಾರ್ಖಾನೆಗೂ ಹೋಗುತ್ತದೆ. ಚೆಂದಕ್ಕೆ ಸಾಕುವ ಮೀನಿಗಾಗಿ ಜನ ತಿನ್ನುವ ಮೀನನ್ನು ಪುಡಿ ಮಾಡುವುದು ನಮಗಂತೂ ಸರಿ ಕಾಣುವುದಿಲ್ಲ.

ಹಾಗಾದರೆ ಸೋಯಾ ಹಿಂಡಿಯನ್ನೇ ಹಾಕಬಹುದಲ್ಲ? ತೊಡಕಿರುವುದು ಇಲ್ಲೇ. ಸೋಯಾದಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ವಸ್ತುಗಳಿವೆ. ಬಿಸಿ ಮಾಡಿದರೆ ಅವು ಬಹುಪಾಲು ನಾಶವಾಗುತ್ತವೆ. ಆದರೆ ರಂಜಕವನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲವಾಗಲಿ, ಮೀನಿಗೆ ಜೀರ್ಣವಾಗದ ರಾಫಿನೋಸ್, ಸ್ಟ್ಯಾಕಿಯೋಸ್ ಸಕ್ಕರೆಗಳಾಗಲಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಗೋಲ್ಡ್ ಫಿಶ್ ಮತ್ತು ಕೋಯ್ ಮೀನುಗಳಿಗೆ ಜಠರವೇ ಇಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಆಮ್ಲವಾಗಲಿ ಪೆಪ್ಸಿನ್ ಆಗಲಿ ಅದನ್ನು ಮೊದಲೇ ಒಡೆದು ಕೊಡುವುದಿಲ್ಲ.

ಆ ಕೆಲಸದ ಒಂದು ಪಾಲನ್ನು ಸೂಕ್ಷ್ಮಜೀವಿಗಳು ಹೊರಗೇ ಮಾಡಿಕೊಡುತ್ತವೆ. ಬ್ಯಾಸಿಲಸ್, ಲ್ಯಾಕ್ಟೋಬ್ಯಾಸಿಲಸ್ ಅಥವಾ ಆಸ್ಪರ್ಜಿಲಸ್ ಶಿಲೀಂಧ್ರ ಬೆಳೆಸಿದಾಗ ಅವು ಆ ಸಕ್ಕರೆಗಳನ್ನು ತಿನ್ನುತ್ತವೆ, ಫೈಟಿಕ್ ಆಮ್ಲವನ್ನು ಒಡೆಯುತ್ತವೆ, ದೊಡ್ಡ ಪ್ರೋಟೀನ್‌ಗಳನ್ನು ತುಂಡರಿಸುತ್ತವೆ. ರಾತ್ರಿಯಿಡೀ ಇಟ್ಟ ಇಡ್ಲಿ ಹಿಟ್ಟಿನಲ್ಲೂ ಇಂಥದ್ದೇ ನಡೆಯುತ್ತದೆ. ತೊಟ್ಟಿಗೆ ಇದರಿಂದ ಲಾಭವಿದೆ: ಜೀರ್ಣವಾಗದ ಪ್ರೋಟೀನ್ ಕೊಳೆತು ಅಮೋನಿಯಾ ಆಗುತ್ತದೆ, ಬಳಕೆಯಾಗದ ರಂಜಕ ಪಾಚಿಗೆ ಗೊಬ್ಬರವಾಗುತ್ತದೆ. ಹೆಚ್ಚು ಜೀರ್ಣವಾದಷ್ಟೂ ಇವೆರಡೂ ಕಡಿಮೆ.

ಇನ್ನೊಂದು ಬಗೆಯಲ್ಲಿ ಸೂಕ್ಷ್ಮಜೀವಿಯೇ ಆಹಾರ. ಬೆಂಗಳೂರಿನ ಸ್ಟ್ರಿಂಗ್ ಬಯೋ ಕಂಪನಿ ಮೀಥೇನ್ ಅನಿಲವನ್ನು ತಿನ್ನುವ ಬ್ಯಾಕ್ಟೀರಿಯಾಗಳಿಂದ ಪ್ರೋಟೀನ್ ತಯಾರಿಸುತ್ತದೆ. ಇಂಥ ಪುಡಿಯಲ್ಲಿ ನ್ಯೂಕ್ಲಿಯಿಕ್ ಆಮ್ಲ ಹೆಚ್ಚು. ನಾವು ತುಂಬ ತಿಂದರೆ ಯೂರಿಕ್ ಆಮ್ಲ ಏರೀತು. ಮೀನಿನಲ್ಲಿ ಅದನ್ನು ಒಡೆಯುವ ಯೂರಿಕೇಸ್ ಕಿಣ್ವ ಇರುವುದರಿಂದ ಆ ಚಿಂತೆ ಕಡಿಮೆ.

ಇನ್ನು ಪ್ರೋಬಯಾಟಿಕ್ ಮಾತು. ಆಹಾರದ ಗುಳಿಗೆ ತಯಾರಾಗುವಾಗ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬ್ಯಾಸಿಲಸ್‌ನ ಬೀಜಕಗಳು ಉಳಿಯಬಹುದು, ಲ್ಯಾಕ್ಟೋಬ್ಯಾಸಿಲಸ್ ಉಳಿಯುವುದು ಕಷ್ಟ. ಮೈಬಣ್ಣವೂ ಹುದುಗಿಸಿದ ಸೋಯಾದಿಂದ ಏರುವುದಿಲ್ಲ. ಅದಕ್ಕೆ ಅಸ್ಟಾಕ್ಸಾಂಥಿನ್‌ನಂಥ ಕ್ಯಾರೊಟಿನಾಯ್ಡ್ ಬೇರೆಯೇ ಬೇಕು. ಸೋಯಾದಲ್ಲಿ ಮೆಥಿಯೊನಿನ್ ಕಡಿಮೆ, ಟಾರಿನ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅರೋವಾನದಂಥ ಮಾಂಸಾಹಾರಿ ಮೀನಿಗೆ ಅದೊಂದೇ ಸಾಲದು.

ಮನೆಯ ಇಡ್ಲಿ ಹಿಟ್ಟನ್ನೇ ಹಾಕಬಹುದೇ? ಬೇಡ. ಅದರಲ್ಲಿ ಪಿಷ್ಟವೇ ಹೆಚ್ಚು. ಗಂಟೆಯೊಳಗೆ ತೊಟ್ಟಿ ಮಬ್ಬಾಗುತ್ತದೆ.